ಸರ್ಕಾರಿ ಕಾಲೇಜೋ, ಡೀಮ್ಡ್ ವಿಶ್ವವಿದ್ಯಾಲಯವೋ? ಎಂಬಿಬಿಎಸ್ ಸೀಟು ಆಯ್ಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೀಟ್ ಫಲಿತಾಂಶ ಬಂದು ರ್‍ಯಾಂಕ್ ಕೈಗೆ ಸಿಕ್ಕ ಮೇಲೆ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಒಂದೇ ವಾದ ಶುರುವಾಗುತ್ತದೆ. ದೂರದ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜು ಒಂದು ಕಡೆ, ಹೆಸರು ಮಾಡಿದ ಡೀಮ್ಡ್ ವಿಶ್ವವಿದ್ಯಾಲಯ ಇನ್ನೊಂದು ಕಡೆ. ಅಪ್ಪ ಬ್ಯಾಂಕಿಗೆ ಹೋಗಿ ಬಂದಿರುತ್ತಾರೆ, ಚಿಕ್ಕಪ್ಪ ಯಾರೋ ಡಾಕ್ಟರಿಗೆ ಫೋನ್ ಮಾಡಿರುತ್ತಾರೆ, ಓದಬೇಕಾದ ಹುಡುಗಿಯನ್ನು ಕೇಳುವುದು ಕೊನೆಗೆ. ಆ ಹುಡುಗಿಯೂ ಅವಳ ಅಪ್ಪನೂ ಒಟ್ಟಿಗೆ ಕೂತು ಓದಲಿ ಎಂದು ಈ ಪ್ರಶ್ನೋತ್ತರ ಬರೆದಿದ್ದೇನೆ. ಶುಲ್ಕ, ದಿನಾಂಕ, ನಿಯಮಗಳು ವರ್ಷವರ್ಷ ಬದಲಾಗುತ್ತವೆ. ಹಾಗಾಗಿ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ.

ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಅಂದರೆ ಒಂದು ಕಾಲೇಜೇ? ಡೀಮ್ಡ್ ಅಂದರೆ ಏನು?

ಅದು ಕಾಲೇಜಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಿಂದ ಬೆಂಗಳೂರಿನ ಜಯನಗರದಲ್ಲಿ ಕೆಲಸ ಮಾಡುತ್ತಿದೆ. ಪರೀಕ್ಷೆ ನಡೆಸುವುದು, ಪದವಿ ಕೊಡುವುದು, ಕಾಲೇಜುಗಳಿಗೆ ಮಾನ್ಯತೆ ನೀಡುವುದು ಅದರ ಕೆಲಸ. ಬೆಂಗಳೂರು ಮೆಡಿಕಲ್ ಕಾಲೇಜು, 1924ರಷ್ಟು ಹಳೆಯ ಮೈಸೂರು ಮೆಡಿಕಲ್ ಕಾಲೇಜು, ಹುಬ್ಬಳ್ಳಿಯ ಕಿಮ್ಸ್, ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರಿನ ಸರ್ಕಾರಿ ಸಂಸ್ಥೆಗಳು, ಆಮೇಲೆ ಬಂದ ಕೊಪ್ಪಳ, ಗದಗ, ಕಾರವಾರ, ಮಡಿಕೇರಿ, ಚಾಮರಾಜನಗರದ ಕಾಲೇಜುಗಳು ಎಲ್ಲವೂ ಇದರ ಕೆಳಗೆ ಬರುತ್ತವೆ. ಎಷ್ಟೋ ಖಾಸಗಿ ಕಾಲೇಜುಗಳೂ ಇದಕ್ಕೇ ಸೇರಿವೆ.

ಡೀಮ್ಡ್ ವಿಶ್ವವಿದ್ಯಾಲಯದ ವ್ಯವಸ್ಥೆ ಬೇರೆ. ಅಲ್ಲಿ ಪಾಠ ಮಾಡುವವರು, ಪ್ರಶ್ನೆಪತ್ರಿಕೆ ಮಾಡುವವರು, ಪದವಿ ಕೊಡುವವರು ಎಲ್ಲ ಒಂದೇ ಸಂಸ್ಥೆ. ಮಣಿಪಾಲ, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇ, ಮಂಗಳೂರಿನ ನಿಟ್ಟೆ ಮತ್ತು ಯೇನೆಪೋಯ, ವಿಜಯಪುರದ ಬಿಎಲ್‌ಡಿಇ, ಕೋಲಾರದ ದೇವರಾಜ ಅರಸು ಈ ಗುಂಪಿನವು.

ಎರಡರ ಪದವಿಗೆ ಬೆಲೆಯಲ್ಲಿ ವ್ಯತ್ಯಾಸ ಇದೆಯೇ?

ಕಾನೂನಿನ ಕಣ್ಣಿಗೆ ಇಲ್ಲ. ಎರಡೂ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಿದ ಎಂಬಿಬಿಎಸ್. ಎರಡಕ್ಕೂ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಸಿಗುವ ನೋಂದಣಿಯೂ ಒಂದೇ. ಊರಲ್ಲಿ ಬೋರ್ಡು ಹಾಕಿ ಕೂತಾಗ ನೀವು ಯಾವ ವಿಶ್ವವಿದ್ಯಾಲಯದವರು ಎಂದು ಯಾವ ರೋಗಿಯೂ ಕೇಳುವುದಿಲ್ಲ.

ಹಣದ ವ್ಯತ್ಯಾಸ ನಿಜವಾಗಿ ಎಷ್ಟು?

ಎಲ್ಲರೂ ವರ್ಷದ ಶುಲ್ಕ ನೋಡಿ ನಿಲ್ಲಿಸುತ್ತಾರೆ. ಪೂರ್ತಿ ಲೆಕ್ಕ ಹಾಕಬೇಕು.

ಸರ್ಕಾರಿ ಕಾಲೇಜಿನ ಸೀಟಿಗೆ ಈಚಿನ ವರ್ಷಗಳಲ್ಲಿ ವಾರ್ಷಿಕ ಶುಲ್ಕ 60ರಿಂದ 65 ಸಾವಿರ ರೂಪಾಯಿ ಆಸುಪಾಸಿನಲ್ಲಿದೆ. ಇಡೀ ಕೋರ್ಸಿಗೆ ಮೂರು ಲಕ್ಷ ಎಂದಿಟ್ಟುಕೊಳ್ಳಿ. ಡೀಮ್ಡ್ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 15ರಿಂದ 25 ಲಕ್ಷ. ಮಧ್ಯದ ಅಂದಾಜು 18 ಲಕ್ಷ ಹಿಡಿದರೂ ನಾಲ್ಕೂವರೆ ವರ್ಷಕ್ಕೆ 81 ಲಕ್ಷ. ಹಾಸ್ಟೆಲ್, ಮೆಸ್, ಪುಸ್ತಕ, ಓಡಾಟ ಸೇರಿದರೆ 90 ಲಕ್ಷ ದಾಟುವುದು ಕಷ್ಟವೇನಲ್ಲ. ಶುಲ್ಕ ಎಷ್ಟು ವರ್ಷಕ್ಕೆ, ನಾಲ್ಕೂವರೆಗೋ ಐದಕ್ಕೋ, ಪ್ರತಿವರ್ಷ ಏರಿಕೆ ಉಂಟೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಫೋನಿನಲ್ಲಿ ಹೇಳಿದ ಮಾತು ಮುಂದೆ ಯಾರಿಗೂ ನೆನಪಿರುವುದಿಲ್ಲ.

ಸಾಲ ಮಾಡಿದರೆ ಆಯಿತಲ್ಲ?

ಮಾಡಬಹುದು. ಆದರೆ ಬ್ಯಾಂಕಿನ ಮೇಜಿನ ಆಚೆ ಕೂತವರು ಕೇಳುವುದು ನೀಟ್ ರ್‍ಯಾಂಕನ್ನಷ್ಟೇ ಅಲ್ಲ. ಇಷ್ಟು ದೊಡ್ಡ ಸಾಲಕ್ಕೆ ಅಡಮಾನ ಬೇಕು. ಮನೆ ಅಥವಾ ಸೈಟಿನ ಖಾತಾ, ಕ್ರಯಪತ್ರ ಸರಿಯಾಗಿರಬೇಕು. ಹತ್ತೆಕರೆ ಹೊಲ ಇದೆ, ಪಹಣಿ ತೋರಿಸಿದರೆ ಸಾಕು ಎಂದು ಹೊರಟ ರೈತ ಕುಟುಂಬಗಳಿಗೆ ಇಲ್ಲೇ ಪೆಟ್ಟು ಬೀಳುವುದು. ಬಹಳಷ್ಟು ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪುವುದಿಲ್ಲ, ಯಾಕೆಂದರೆ ಸಾಲ ತೀರದಿದ್ದಾಗ ನೇರವಾಗಿ ಜಪ್ತಿ ಮಾಡುವ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಇದು ಗೊತ್ತಾಗುವುದು ಸೀಟು ಸಿಕ್ಕಿ, ಶುಲ್ಕ ಕಟ್ಟಲು ನಾಲ್ಕೈದು ದಿನ ಉಳಿದಾಗ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದಕ್ಕೆ, ಮೊದಲೇ ಬ್ಯಾಂಕಿಗೆ ಹೋಗಿ.

ಕಂತಿನ ಲೆಕ್ಕವನ್ನೂ ನೋಡಿಬಿಡಿ. 60 ಲಕ್ಷ ಸಾಲ, ಶೇಕಡಾ 10 ಬಡ್ಡಿ, 15 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 64,500 ರೂಪಾಯಿ. ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ. ಎಂಬಿಬಿಎಸ್ ಮುಗಿಸಿ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿದವರಿಗೆ ಬಹಳ ಕಡೆ ಮೊದಲ ಸಂಬಳವೇ ಇಷ್ಟಿರುವುದಿಲ್ಲ. ಪಿಜಿ ಓದಬೇಕೆಂದರೆ ದುಡಿಮೆ ಇನ್ನೂ ಮುಂದಕ್ಕೆ ಹೋಗುತ್ತದೆ, ಬಡ್ಡಿ ಮಾತ್ರ ಕಾಯುವುದಿಲ್ಲ.

ಮನೆಯಲ್ಲಿ ಹಣ ಇದ್ದವರಿಗೆ ಈ ಉತ್ತರ ಬೇಕಿಲ್ಲ. ಒಂದೇ ಮನೆ ಇದ್ದು, ಅದನ್ನು ಅಡವಿಟ್ಟು, ತಂಗಿಯ ಓದಿಗೆ ಏನೂ ಉಳಿಯದಂತೆ ಮಾಡಿಕೊಳ್ಳುವವರಿಗೆ ಹೇಳುತ್ತೇನೆ: ಸರ್ಕಾರಿ ಸೀಟು ಕೈಯಲ್ಲಿದ್ದರೆ, ಅದು ಯಾವ ಜಿಲ್ಲೆಯದೇ ಆಗಲಿ, ಬಿಡಬೇಡಿ.

ದುಡ್ಡಿನ ಮಾತು ಬಿಡಿ. ಎಲ್ಲಿ ಒಳ್ಳೆಯ ಡಾಕ್ಟರ್ ಆಗುತ್ತೇನೆ?

ಕಾಲೇಜಿಗಿಂತ ಅದಕ್ಕೆ ಅಂಟಿಕೊಂಡ ಆಸ್ಪತ್ರೆಯನ್ನು ನೋಡಬೇಕು. ಮೊದಲ ವರ್ಷದ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಲ್ಲಿ ಓದಿದರೂ ಹೆಚ್ಚುಕಡಿಮೆ ಅದೇ. ಪುಸ್ತಕ ಅದೇ, ಯೂಟ್ಯೂಬ್ ಪಾಠವೂ ಅದೇ. ಎರಡನೇ ವರ್ಷದಿಂದ ವಾರ್ಡ್ ಪೋಸ್ಟಿಂಗ್ ಶುರುವಾದಾಗ ದಾರಿ ಬೇರೆಯಾಗುತ್ತದೆ.

ಬೆಂಗಳೂರಿನ ವಿಕ್ಟೋರಿಯಾ, ವಾಣಿ ವಿಲಾಸ, ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ, ಹುಬ್ಬಳ್ಳಿಯ ಕಿಮ್ಸ್ — ಇಂಥ ಕಡೆ ರೋಗಿಗಳಿಗೆ ಬರಗಾಲವಿಲ್ಲ. ಹಾವು ಕಚ್ಚಿದವರು, ಕೀಟನಾಶಕ ಕುಡಿದವರು, ಹೆರಿಗೆ ನೋವಿನಲ್ಲಿ ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿನಲ್ಲಿ ಬಂದವರು, ಕ್ಷಯ ಉಲ್ಬಣಿಸಿದ ಮೇಲೆ ಬಂದವರು. ಹೌಸ್ ಸರ್ಜನ್‌ಗಳ, ಅಂದರೆ ಇಂಟರ್ನ್‌ಶಿಪ್ ಮಾಡುತ್ತಿರುವವರ, ಕೈ ಬಿಡುವಾಗುವುದೇ ಇಲ್ಲ. ರಕ್ತ ತೆಗೆಯುವುದು, ಕ್ಯಾನುಲಾ ಹಾಕುವುದು, ಹೊಲಿಗೆ, ಕ್ಯಾತಿಟರ್, ಸಹಜ ಹೆರಿಗೆ, ಎಲ್ಲವನ್ನೂ ಮಾಡಿಯೇ ಕಲಿಯುತ್ತಾರೆ. ಅದಕ್ಕೆ ಬೆಲೆಯನ್ನೂ ತೆರುತ್ತಾರೆ. ವಾರ್ಡ್ ಬಾಯ್ ಮಾಡಬೇಕಾದ ಕೆಲಸವೂ ಅವರ ತಲೆಗೇ ಬರುತ್ತದೆ, ಗಾಲಿಕುರ್ಚಿ ತಳ್ಳುವುದರಿಂದ ಹಿಡಿದು ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವವರೆಗೆ.

ಒಳ್ಳೆಯ ಡೀಮ್ಡ್ ಸಂಸ್ಥೆಯಲ್ಲಿ ಸಿಗುವುದು ಬೇರೆ ಬಗೆಯ ಕಲಿಕೆ: ವ್ಯವಸ್ಥಿತ ಬೆಡ್‌ಸೈಡ್ ಪಾಠ, ಸಮಯಕ್ಕೆ ಬರುವ ಪ್ರಾಧ್ಯಾಪಕರು, ಬೊಂಬೆಗಳ ಮೇಲೆ ಕೈ ಪಳಗಿಸುವ ಸಿಮ್ಯುಲೇಷನ್ ಲ್ಯಾಬ್, ಒಳ್ಳೆಯ ಗ್ರಂಥಾಲಯ, ಸಂಶೋಧನೆ ಮಾಡುವವರಿಗೆ ಬೆಂಬಲ. ಕೊರತೆ ಎಲ್ಲಿ ಎಂದರೆ, ಹಣ ಕೊಟ್ಟು ಬಂದ ರೋಗಿ ಮೂರನೇ ವರ್ಷದ ವಿದ್ಯಾರ್ಥಿಯ ಕೈಗೆ ತನ್ನ ಹೊಟ್ಟೆ ಕೊಡಲು ಹಿಂಜರಿಯಬಹುದು. ಹೊಲಿಗೆ ಹಾಕುವ ಅವಕಾಶ ಪಿಜಿಗಳ ಪಾಲಾಗಬಹುದು.

ಆದರೆ ಸರ್ಕಾರಿ ಎಂದರೆ ರೋಗಿಗಳು, ಡೀಮ್ಡ್ ಎಂದರೆ ಖಾಲಿ ಹಾಸಿಗೆ ಎಂದು ಗೆರೆ ಎಳೆಯಲು ಹೋಗಬೇಡಿ. ಮಂಗಳೂರಿನ ಕೆಎಂಸಿ ಮಣಿಪಾಲದ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿನ ವಿದ್ಯಾರ್ಥಿಗಳು ದಶಕಗಳಿಂದ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೂ ಲೇಡಿ ಗೋಶನ್ ಹೆರಿಗೆ ಆಸ್ಪತ್ರೆಯಲ್ಲೂ ಕಲಿಯುತ್ತಿದ್ದಾರೆ.

ಹೊಸ ಜಿಲ್ಲಾ ಕಾಲೇಜುಗಳಲ್ಲಿ ಮೇಷ್ಟ್ರುಗಳೇ ಇಲ್ಲವಂತೆ, ನಿಜವೇ?

ಕೆಲವು ಕಡೆ, ಕೆಲವು ವಿಭಾಗಗಳಲ್ಲಿ ಕೊರತೆ ಇರುವುದು ನಿಜ. ಹಾವೇರಿ, ಯಾದಗಿರಿ, ಚಿಕ್ಕಮಗಳೂರಿನಂಥ ಇತ್ತೀಚಿನ ಕಾಲೇಜುಗಳು ಜಿಲ್ಲಾ ಆಸ್ಪತ್ರೆಗಳನ್ನು ಆಧಾರವಾಗಿಟ್ಟುಕೊಂಡು ಶುರುವಾದವು. ಇಂಥ ಹೊಸ ಕಾಲೇಜಿನಲ್ಲಿ ರೋಗಿಗಳು ಮೊದಲೇ ಇರುತ್ತಾರೆ, ಬೋಧಕರು, ಹಾಸ್ಟೆಲ್, ಲ್ಯಾಬು ನಿಧಾನವಾಗಿ ಸೇರಿಕೊಳ್ಳುತ್ತವೆ. ಹೃದ್ರೋಗ, ನರರೋಗದಂಥ ಸೂಪರ್ ಸ್ಪೆಷಾಲಿಟಿ ವಿಭಾಗ ಇಲ್ಲವೆಂದು ಕೊರಗಬೇಡಿ. ಎಂಬಿಬಿಎಸ್ ಕಲಿಯಲು ಬೇಕಿರುವುದು ಜನರಲ್ ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗ. ಈ ನಾಲ್ಕರಲ್ಲಿ ಪಾಠ ಮಾಡುವ ಹಿರಿಯರು ಇದ್ದಾರಾ ಎಂದು ನೋಡಿ. ಜೊತೆಗೆ ಮರಣೋತ್ತರ ಪರೀಕ್ಷೆ ಅಲ್ಲೇ ನಡೆಯುತ್ತದೆಯೇ, ಅಂಗರಚನೆ ವಿಭಾಗಕ್ಕೆ ದೇಹದಾನದ ಶವಗಳು ಸಾಕಷ್ಟು ಸಿಗುತ್ತವೆಯೇ ಎಂದೂ ಕೇಳಿ.

ಸರ್ಕಾರಿ ಕಾಲೇಜುಗಳ ನಡುವೆಯೇ ಆಯ್ಕೆ ಇದ್ದರೆ, ನನ್ನ ಮಟ್ಟಿಗೆ ಹಳೆಯದು ಮುಂದೆ, ಹತ್ತಿರದ್ದು ಹಿಂದೆ.

ಕಾಲೇಜು ನೋಡಲು ಹೋದರೆ ಏನನ್ನು ನೋಡಬೇಕು?

ಗೇಟು, ಆಡಿಟೋರಿಯಂ, ಈಜುಕೊಳ ಬಿಟ್ಟು ಉಳಿದದ್ದೆಲ್ಲ.

ವಾರದ ದಿನ ಬೆಳಗ್ಗೆ ಹತ್ತು ಗಂಟೆಗೆ ಹೋಗಿ. ಓಪಿಡಿ ಚೀಟಿ ಮಾಡಿಸುವ ಸಾಲು ಎಷ್ಟು ಉದ್ದ ಇದೆ ನೋಡಿ. ಸಂಜೆ ಸಂದರ್ಶಕರ ಸಮಯದಲ್ಲಿ ಮೆಡಿಸಿನ್ ವಾರ್ಡಿನ ಉದ್ದಕ್ಕೂ ಒಮ್ಮೆ ನಡೆಯಿರಿ. ಆಯೋಗದ 2023ರ ಮಾನದಂಡದ ಪ್ರಕಾರ 150 ಸೀಟಿನ ಕಾಲೇಜಿಗೆ 605 ಹಾಸಿಗೆ ಬೇಕು. ಹಾಸಿಗೆ ಇರುವುದು ಬೇರೆ, ಅದರ ಮೇಲೆ ರೋಗಿ ಇರುವುದು ಬೇರೆ. ತಪಾಸಣೆಯ ದಿನ ಮಾತ್ರ ತುಂಬುವ ವಾರ್ಡುಗಳ ಕಥೆ ಈ ಕ್ಷೇತ್ರದಲ್ಲಿ ಇರುವವರಿಗೆ ಹೊಸದಲ್ಲ.

ಆಮೇಲೆ ಹೌಸ್ ಸರ್ಜನ್‌ಗಳನ್ನು ಮಾತಾಡಿಸಿ. ಮೊದಲ ವರ್ಷದವರನ್ನು ಕೇಳಿದರೆ ಮೆಸ್ ಊಟದ ಬಗ್ಗೆ ಹೇಳುತ್ತಾರೆ, ಆಡಳಿತದವರನ್ನು ಕೇಳಿದರೆ ಕರಪತ್ರ ಓದುತ್ತಾರೆ. ಹೌಸ್ ಸರ್ಜನ್ ಕೋರ್ಸ್ ಮುಗಿಸುವ ಹಂತದಲ್ಲಿರುವುದರಿಂದ ಮುಚ್ಚಿಡುವಂಥದ್ದು ಕಡಿಮೆ. ಕ್ಯಾಂಟೀನಿನಲ್ಲಿ ಒಂದು ಕಾಫಿ ಕೊಡಿಸಿ ಕೇಳಿ: ನೀವೇ ಎಷ್ಟು ಹೆರಿಗೆ ಮಾಡಿಸಿದ್ದೀರಿ? ಕ್ಯಾಶುವಾಲ್ಟಿಯಲ್ಲಿ ಹೊಲಿಗೆ ಹಾಕುವವರು ಯಾರು? ಸ್ಟೈಪೆಂಡ್ ಎಷ್ಟು, ತಿಂಗಳು ತಿಂಗಳು ಬರುತ್ತದೆಯೇ? ಸರ್ಕಾರಿ ಕಾಲೇಜುಗಳಲ್ಲಿ 2020ರ ಪರಿಷ್ಕರಣೆ ನಂತರ ಇದು ತಿಂಗಳಿಗೆ 30,000 ರೂಪಾಯಿಯಾಯಿತು. ಖಾಸಗಿಯಲ್ಲಿ ಒಂದೊಂದು ಕಡೆ ಒಂದೊಂದು ರೀತಿ.

ಮಗಳನ್ನು ಸೇರಿಸುವವರು ರಾತ್ರಿ ಡ್ಯೂಟಿ ಕೋಣೆ ಎಲ್ಲಿದೆ, ಬಾಗಿಲಿಗೆ ಚಿಲಕ ಇದೆಯೇ, ವಾರ್ಡಿನಿಂದ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಿ. ಕೇಳಲು ಸಂಕೋಚ ಬೇಡ.

ಎನ್ಐಆರ್‌ಎಫ್ ರ್‍ಯಾಂಕಿಂಗ್ ನೋಡಿ ತೀರ್ಮಾನಿಸಬಹುದೇ?

ಅದು ಕೇಂದ್ರ ಸರ್ಕಾರ ಹೊರಡಿಸುವ ಶಿಕ್ಷಣ ಸಂಸ್ಥೆಗಳ ರ್‍ಯಾಂಕ್ ಪಟ್ಟಿ. ಅದನ್ನೊಂದೇ ನೋಡಿ ತೀರ್ಮಾನಿಸಬೇಡಿ. ಆ ಪಟ್ಟಿಯಲ್ಲಿ ಸಂಶೋಧನೆಗೂ ಸಂಸ್ಥೆಯ ಬಗ್ಗೆ ಜನರಿಗಿರುವ ಅಭಿಪ್ರಾಯಕ್ಕೂ ಅಂಕವಿದೆ. ಹಾಗಾಗಿ ಪ್ರಬಂಧ ಹೆಚ್ಚು ಪ್ರಕಟಿಸುವ ದೊಡ್ಡ ಸಂಸ್ಥೆಗಳು ಮೇಲೆ ಬರುತ್ತವೆ. ಎಂಬಿಬಿಎಸ್ ವಿದ್ಯಾರ್ಥಿಯ ಕೈ ಎಷ್ಟು ಪಳಗಿದೆ ಎಂದು ಅಳೆಯುವ ಅಂಕಣ ಅದರಲ್ಲಿಲ್ಲ.

ಡೀಮ್ಡ್‌ನಲ್ಲಿ ಪಾಸ್ ಆಗುವುದು ಸುಲಭ ಎನ್ನುತ್ತಾರಲ್ಲ?

ರಾಜೀವ್ ಗಾಂಧಿ ವಿಶ್ವವಿದ್ಯಾಲಯದಲ್ಲಿ ರಾಜ್ಯದ ಎಲ್ಲ ಕಾಲೇಜುಗಳಿಗೂ ಒಂದೇ ಪ್ರಶ್ನೆಪತ್ರಿಕೆ, ನಿಮ್ಮ ಮುಖ ನೋಡದ ಯಾರೋ ಮೌಲ್ಯಮಾಪನ ಮಾಡುತ್ತಾರೆ. ಡೀಮ್ಡ್‌ನಲ್ಲಿ ಪತ್ರಿಕೆ ಮನೆಯದೇ, ಫಲಿತಾಂಶ ಸಾಮಾನ್ಯವಾಗಿ ಬೇಗ ಬರುತ್ತದೆ, ವೇಳಾಪಟ್ಟಿ ಅಷ್ಟಾಗಿ ತಪ್ಪುವುದಿಲ್ಲ. ಮಿಕ್ಕಂತೆ ಆಯೋಗದ ನಿಯಮ ಇಬ್ಬರಿಗೂ ಒಂದೇ: ಥಿಯರಿಯಲ್ಲಿ ಶೇಕಡಾ 75, ಪ್ರಾಯೋಗಿಕದಲ್ಲಿ ಶೇಕಡಾ 80 ಹಾಜರಿ; ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ; ಸೇರಿದ ದಿನದಿಂದ ಒಂಬತ್ತು ವರ್ಷದೊಳಗೆ ಕೋರ್ಸ್ ಮುಗಿಯಬೇಕು. ಸುಲಭವಾಗಿ ಪಾಸಾಗುವ ಆಸೆಯಿಂದ ಕಾಲೇಜು ಆರಿಸುವವರಿಗೆ ನೀಟ್ ಪಿಜಿ ಕಾದಿರುತ್ತದೆ.

ಇಷ್ಟವಾಗದಿದ್ದರೆ ಎರಡನೇ ವರ್ಷ ಬೇರೆ ಕಾಲೇಜಿಗೆ ಹೋಗಬಹುದೇ?

ಆಗದು ಎಂದೇ ತಿಳಿದು ಸೇರಿ. 2023ರ ನಿಯಮಾವಳಿ ಆ ಬಾಗಿಲನ್ನು ಮುಚ್ಚಿತು.

ಹಳ್ಳಿ ಸೇವೆಯ ಬಾಂಡ್ ಬಗ್ಗೆ ಹೆದರಬೇಕೇ?

ಹೆದರುವುದಕ್ಕಿಂತ ಓದಿ ಸಹಿ ಹಾಕಬೇಕು. ಕಡ್ಡಾಯ ಗ್ರಾಮೀಣ ಸೇವೆಗೆ ರಾಜ್ಯದಲ್ಲಿ 2012ರ ಕಾಯ್ದೆ ಇದೆ. 2023ರಲ್ಲಿ ಅದಕ್ಕೆ ತಿದ್ದುಪಡಿ ಬಂದು, ಎಷ್ಟು ಹುದ್ದೆ ಖಾಲಿಯಿದೆಯೋ ಅಷ್ಟು ಜನರನ್ನು ಮಾತ್ರ ತೆಗೆದುಕೊಳ್ಳುವ ವ್ಯವಸ್ಥೆಯಾಯಿತು. ನಿಮ್ಮ ಸೀಟಿಗೆ ಏನು ಅನ್ವಯ ಎಂಬುದನ್ನು ಪ್ರವೇಶದ ವೇಳೆ ಕೊಡುವ ಮುಚ್ಚಳಿಕೆಯಲ್ಲಿ ನೋಡಿ. ಒಂದು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಬಳ ಪಡೆದು ಕೆಲಸ ಮಾಡುವುದನ್ನು ಶಿಕ್ಷೆ ಎಂದು ಯಾಕೆ ಭಾವಿಸಬೇಕೋ ನನಗಂತೂ ಅರ್ಥವಾಗಿಲ್ಲ.

ಮುಂದೆ ಪಿಜಿ ಸೀಟಿಗೆ ಯಾವುದು ಅನುಕೂಲ?

ನೀಟ್ ಪಿಜಿಯಲ್ಲಿ ಲೆಕ್ಕಕ್ಕೆ ಬರುವುದು ರ್‍ಯಾಂಕ್. ಸರ್ಕಾರಿ ಕಾಲೇಜುಗಳ ಪಿಜಿ ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾ, ಉಳಿದರ್ಧ ರಾಜ್ಯದ್ದು. ವಾಸಸ್ಥಳ ಆಧಾರದ ಪಿಜಿ ಮೀಸಲಾತಿ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು, ಓದಿದ ಸಂಸ್ಥೆಯ ಆಧಾರದ ಆದ್ಯತೆಗೆ ಮಿತಿಯೊಳಗೆ ಜಾಗ ಉಳಿಸಿತು. ಅಂದರೆ ಎಂಬಿಬಿಎಸ್ ಎಲ್ಲಿ ಮಾಡಿದಿರಿ ಎಂಬುದಕ್ಕೆ ಮುಂದೆಯೂ ಬೆಲೆ ಇರಬಹುದು. ಡೀಮ್ಡ್ ಸಂಸ್ಥೆಗಳ ಪಿಜಿ ಸೀಟುಗಳು ಕೇಂದ್ರದ ಕೌನ್ಸೆಲಿಂಗ್ ಮೂಲಕವೇ ಹೋಗುತ್ತವೆ. ‘ಇಲ್ಲೇ ಓದಿದರೆ ಇಲ್ಲೇ ಪಿಜಿ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಭಾಷೆ ತೊಡಕಾಗುತ್ತದೆಯೇ?

ಮಂಡ್ಯದ ಹುಡುಗ ಮಂಗಳೂರಿಗೆ ಹೋದರೆ ರೋಗಿಗಳು ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುತ್ತಾರೆ. ಬೆಳಗಾವಿಯಲ್ಲಿ ಮರಾಠಿ, ಬೀದರ್, ಕಲಬುರಗಿಯಲ್ಲಿ ಉರ್ದು, ರಾಯಚೂರು, ಬಳ್ಳಾರಿಯಲ್ಲಿ ತೆಲುಗು ಕಿವಿಗೆ ಬೀಳುತ್ತದೆ. ಆರು ತಿಂಗಳಲ್ಲಿ ವಾರ್ಡಿಗೆ ಸಾಕಾಗುವಷ್ಟು ಎಲ್ಲರೂ ಕಲಿಯುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಕೆಲವು ತಿಂಗಳು ಇಂಗ್ಲಿಷ್ ಪುಸ್ತಕ ಬೆವರಿಳಿಸುವುದು ನಿಜ. ಆದರೆ ವಾರ್ಡಿನಲ್ಲಿ ಅಜ್ಜಿಯ ಹತ್ತಿರ ಕೂತು ರೋಗದ ಕಥೆ ಕೇಳಿಕೊಳ್ಳುವಾಗ ಅವರದೇ ಮೇಲುಗೈ. ಹೊರರಾಜ್ಯದವರು ಹೆಚ್ಚಿರುವ ತರಗತಿಯಲ್ಲಿ ಗೆಳೆಯರು ನಿಮ್ಮನ್ನೇ ದುಭಾಷಿಯಾಗಿ ಎಳೆದೊಯ್ಯುತ್ತಾರೆ.

ಕೆಇಎ, ಎಂಸಿಸಿ ಎರಡಕ್ಕೂ ಅರ್ಜಿ ಹಾಕಬೇಕೇ?

ಕೆಇಎ ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಂಸಿಸಿ ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಎರಡರ ಸೀಟುಗಳಲ್ಲೂ ಆಸಕ್ತಿ ಇದ್ದರೆ ಹೌದು, ಬೇರೆ ಬೇರೆಯಾಗಿ. ರಾಜ್ಯದ ಸರ್ಕಾರಿ ಕಾಲೇಜುಗಳ ಶೇಕಡಾ 85 ಸೀಟು ಮತ್ತು ಖಾಸಗಿ ಕಾಲೇಜುಗಳ ಸೀಟು ಕೆಇಎ ಮೂಲಕ. ಸರ್ಕಾರಿಯ ಉಳಿದ ಶೇಕಡಾ 15 ಮತ್ತು ಡೀಮ್ಡ್‌ನ ಎಲ್ಲ ಸೀಟು ದೆಹಲಿಯ ಎಂಸಿಸಿ ಮೂಲಕ. ಡೀಮ್ಡ್‌ಗೆ ಇದುವರೆಗೆ 5,000 ರೂಪಾಯಿ ನೋಂದಣಿ ಶುಲ್ಕದ ಜೊತೆ 2 ಲಕ್ಷ ಠೇವಣಿ ಇದೆ, ಠೇವಣಿ ಮರಳಿ ಬರುತ್ತದೆ. ಆದರೆ ನಿಯಮ ಮೀರಿದರೆ ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದೆ ಬಿಡಬಹುದು. ಎರಡನೇ ಸುತ್ತಿನಲ್ಲಿ ಸಿಕ್ಕದ್ದಕ್ಕೆ ಸೇರದಿದ್ದರೆ ಠೇವಣಿ ಹೋಗುತ್ತದೆ. ಉಳಿಕೆ ಸೀಟುಗಳ ಕೊನೆಯ ‘ಸ್ಟ್ರೇ’ ಸುತ್ತಿನಲ್ಲಿ ಸಿಕ್ಕಿಯೂ ಸೇರದವರಿಗೆ ಮುಂದಿನ ನೀಟ್ ಬರೆಯಲು ಅವಕಾಶವೇ ಇರುವುದಿಲ್ಲ. ಆದ್ದರಿಂದ ಎಂಸಿಸಿ ಪಟ್ಟಿಯಲ್ಲಿ ‘ಸುಮ್ಮನೆ ಇರಲಿ’ ಎಂದು ಒಂದು ಡೀಮ್ಡ್ ಹೆಸರನ್ನೂ ಸೇರಿಸಬೇಡಿ. ಕಟ್ಟಲಾಗದ ಶುಲ್ಕದ ಕಾಲೇಜು ಅಲಾಟ್ ಆದಾಗಲೇ ಅದರ ಬಿಸಿ ತಟ್ಟುವುದು.

ಕೆಇಎಯಲ್ಲಿ ಸೀಟು ಸಿಕ್ಕ ಮೇಲೆ ಬರುವ ಚಾಯ್ಸ್‌ಗಳನ್ನು ಸೈಬರ್ ಸೆಂಟರಿನವರ ಕೈಗೆ ಬಿಡಬೇಡಿ. ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಮೇಲಿನದಕ್ಕೂ ಪ್ರಯತ್ನಿಸುತ್ತೇನೆ. ಮೇಲಿನದು ಸಿಕ್ಕ ಕ್ಷಣ ಹಳೆಯದು ಹೋಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಅದರ ಮೇಲೆ ಬರೆದದ್ದೆಲ್ಲ ನಿಜವಾಗಿಯೂ ನಿಮಗೆ ಅದಕ್ಕಿಂತ ಇಷ್ಟವಾದವೇ ಇರಬೇಕು.

ಇವೆರಡರ ನಡುವೆ ಮೂರನೇ ದಾರಿ ಇಲ್ಲವೇ?

ಇದೆ, ಬಹಳ ಜನ ಮರೆಯುತ್ತಾರೆ. ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಕೋಟಾದ ಸೀಟು. ಶುಲ್ಕ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಬೆಂಗಳೂರಿನ ಕೆಲವು ಹಳೆಯ ಖಾಸಗಿ ಕಾಲೇಜುಗಳಲ್ಲಿ ರೋಗಿಗಳೂ ಇದ್ದಾರೆ, ಬೋಧಕರೂ ಇದ್ದಾರೆ. ಹೊಸ ಸರ್ಕಾರಿ ಕಾಲೇಜೋ ಇಂಥ ಸೀಟೋ ಎಂಬ ಪ್ರಶ್ನೆ ಬಂದರೆ, ಕಟ್ಟುವ ಶಕ್ತಿ ಇದ್ದವರಿಗೆ ನಾನು ಎರಡನೆಯದನ್ನೇ ಹೇಳಿಯೇನು.

‘ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ’ ಎಂದು ಫೋನ್ ಬರುತ್ತಿದೆ.

ಕಟ್ ಮಾಡಿ. ನೀಟ್ ಮತ್ತು ಅಧಿಕೃತ ಕೌನ್ಸೆಲಿಂಗ್ ಬಿಟ್ಟು ಎಂಬಿಬಿಎಸ್‌ಗೆ ಬೇರೆ ಬಾಗಿಲಿಲ್ಲ. ಕ್ಯಾಪಿಟೇಷನ್ ಶುಲ್ಕವನ್ನು, ಅಂದರೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಪಡೆಯುವ ಹಣವನ್ನು, ಈ ರಾಜ್ಯ 1984ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ.

ಎರಡೂ ಬೇಡ, ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಕೂತು ನೀಟ್ ಬರೆಯಲೇ?

ಸರ್ಕಾರಿ ಸೀಟಿನ ಅಂಚಿಗೆ ಬಂದು ತಪ್ಪಿದ್ದರೆ, ಕೈಯಲ್ಲಿರುವುದು ಸಾಲದ ಡೀಮ್ಡ್ ಮಾತ್ರ ಆಗಿದ್ದರೆ, ಒಂದು ವರ್ಷ ಕೊಡುವುದರಲ್ಲಿ ತಪ್ಪಿಲ್ಲ. ಈಗಾಗಲೇ ಎರಡು ಸಲ ಕೂತಿದ್ದರೆ, ಅಂಕ ಮೇಲೇಳುತ್ತಿಲ್ಲವಾದರೆ, ಬೇರೆ ಮಾತು. ಸರ್ಕಾರಿ ಸೀಟು ಸಿಕ್ಕಿಯೂ ‘ಬೆಂಗಳೂರೇ ಬೇಕು’ ಎಂದು ಬಿಟ್ಟು ಕೂರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಯಾವ ಕಾಗದಪತ್ರ ಮೊದಲೇ ಸಿದ್ಧವಿರಬೇಕು?

ಕೆಇಎ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಅದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಕೋಟಾಕ್ಕೆ ಒಂದರಿಂದ ಹತ್ತನೇ ತರಗತಿವರೆಗೂ ಹಾಗೆ ಓದಿರಬೇಕು. ಅದಕ್ಕೂ ಅದೇ ಸಹಿ. ಜಾತಿ, ಆದಾಯ ಪ್ರಮಾಣಪತ್ರ ತಹಶೀಲ್ದಾರರಿಂದ, ಆರ್‌ಡಿ ಸಂಖ್ಯೆ ಇರುವಂಥದ್ದು. ಕಲ್ಯಾಣ ಕರ್ನಾಟಕದವರು ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆಯಬೇಕು. ಆ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ಉಳಿದ ಕಡೆ ಶೇಕಡಾ 8 ಸೀಟು ಅವರಿಗೆ ಮೀಸಲು. ಅರ್ಜಿಯಲ್ಲಿ ಹಾಕಿದ ಹೆಸರು ಹತ್ತನೇ ತರಗತಿ ಅಂಕಪಟ್ಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು, ಇನಿಷಿಯಲ್ ಸಮೇತ. ಎಲ್ಲದರ ಜೆರಾಕ್ಸ್ ಪ್ರತಿ ಮೂರು ಸೆಟ್ ಮನೆಯಲ್ಲಿಟ್ಟುಕೊಳ್ಳಿ, ಯಾಕೆಂದರೆ ಮೂಲ ಪ್ರತಿಗಳನ್ನು ಒಮ್ಮೆ ಕಾಲೇಜಿಗೆ ಕೊಟ್ಟರೆ ಸುಲಭಕ್ಕೆ ಮರಳಿ ಬರುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೂ ಬ್ಯಾಂಕಿಗೂ ಅವೇ ಬೇಕಾಗುತ್ತವೆ.